ಹಳೆ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಸತ್ತಿಲ್ಲ, ಅದಕ್ಕೆ ಆಂಟೆನಾ ಕೊಡಿ

ಕೆಟ್ಟ ಲ್ಯಾಪ್‌ಟಾಪ್ ಎಸೆಯುವ ಮುಂಚೆ ಅದರ ವೈಫೈ ಕಾರ್ಡ್ ಬಿಚ್ಚಿಟ್ಟುಕೊಳ್ಳಿ. ಒಂದು ಚಿಕ್ಕ ಅಡಾಪ್ಟರ್ ಇದ್ದರೆ ಡೆಸ್ಕ್‌ಟಾಪಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ (ಮದರ್‌ಬೋರ್ಡಿನಲ್ಲಿ ಹೆಚ್ಚುವರಿ ಕಾರ್ಡ್ ಸಿಕ್ಕಿಸುವ ಜಾಗ) ಅದು ಆರಾಮಾಗಿ ಕೂರುತ್ತದೆ. ಬ್ಲೂಟೂತ್ ಸಾಮಾನ್ಯವಾಗಿ ಯುಎಸ್‌ಬಿ ದಾರಿಯಲ್ಲಿ ಹೋಗುವುದರಿಂದ ಮದರ್‌ಬೋರ್ಡಿಗೆ ಇನ್ನೊಂದು ಕೇಬಲ್ ಬೇಕು. ಇಂಟೆಲ್‌ನ ಎಎಕ್ಸ್200, ಎಎಕ್ಸ್210 ಕಾರ್ಡ್‌ಗಳು ಹೀಗೆ ನಡೆಯುತ್ತವೆ. ಎಎಕ್ಸ್201 ನಡೆಯಲ್ಲ, ಯಾಕೆಂದರೆ ಅದರ ಒಂದಷ್ಟು ಕೆಲಸ ಮದರ್‌ಬೋರ್ಡಿನ ಇಂಟೆಲ್ ಚಿಪ್‌ಸೆಟ್ಟಿನೊಳಗೇ ಆಗಬೇಕು. ನಂಬರ್ ನೋಡದೆ ಅಡಾಪ್ಟರ್ ಕೊಳ್ಳಬೇಡಿ.

ಇಷ್ಟೆಲ್ಲ ಮಾಡಿ, ಡ್ರೈವರ್ ಹಾಕಿ, ಪಕ್ಕದ ರೂಮಿನ ರೂಟರ್ ಕೂಡ ಸಿಗದಿದ್ದಾಗ ಜನ ಕಾರ್ಡ್ ಸತ್ತಿದೆ ಎಂದು ಎಸೆಯುತ್ತಾರಲ್ಲ, ಅದು ನೋಡಿದರೆ ನನಗೆ ಸಂಕಟವಾಗುತ್ತದೆ. ಕಾರ್ಡ್ ಚೆನ್ನಾಗೇ ಇರುತ್ತದೆ. ಇಲ್ಲದಿರುವುದು ಆಂಟೆನಾ. ಅದು ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಪರದೆ ಸುತ್ತಲಿನ ಅಂಚಿನಲ್ಲೇ ಉಳಿದುಹೋಗಿರುತ್ತದೆ.

ಸುಮ್ನೆ ಯಾವುದೋ ತಂತಿ ಸಿಕ್ಕಿಸಿದರೆ ಸಾಕು, ಉದ್ದ ಜಾಸ್ತಿ ಆದಷ್ಟೂ ಒಳ್ಳೆಯದು ಎಂಬ ನಂಬಿಕೆ ತುಂಬಾ ಜನಕ್ಕಿದೆ. ತಪ್ಪು. ವೈಫೈ ಬಳಸುವ ಅಲೆಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್ ಎಂದರೆ ತಂತಿಯಲ್ಲಿ ಕರೆಂಟು ಒಂದು ಸೆಕೆಂಡಿಗೆ 240 ಕೋಟಿ ಸಲ ಹೋಗಿ ವಾಪಸ್ ಬರುತ್ತದೆ. ಹೀಗೆ ಒಮ್ಮೆ ಹೋಗಿಬರುವಷ್ಟರಲ್ಲಿ ಅಲೆ ಗಾಳಿಯಲ್ಲಿ 12.5 ಸೆಂಟಿಮೀಟರ್ ಸಾಗಿರುತ್ತದೆ. ಅದರ ಕಾಲು ಭಾಗ, ಅಂದರೆ ಸುಮಾರು 3 ಸೆಂಟಿಮೀಟರ್ ಉದ್ದದ ಲೋಹದಲ್ಲಿ ಕರೆಂಟು ತುದಿಗೆ ಹೋಗಿ ತಿರುಗಿ ಬರುವ ಹೊತ್ತಿಗೆ ಸರಿಯಾಗಿ ಮುಂದಿನ ತಳ್ಳು ಸಿಗುತ್ತದೆ. ಉಯ್ಯಾಲೆಯನ್ನು ಸರಿಯಾದ ಕ್ಷಣಕ್ಕೆ ತಳ್ಳಿದ ಹಾಗೆ. ಉದ್ದ ತಪ್ಪಿದರೆ ಶಕ್ತಿಯ ದೊಡ್ಡ ಪಾಲು ಗಾಳಿಗೆ ಹೋಗದೆ ಕಾರ್ಡಿಗೇ ವಾಪಸ್ಸಾಗುತ್ತದೆ. ವೈಫೈನ ಇನ್ನೊಂದು ಅಲೆಯಾದ 5 ಗಿಗಾಹರ್ಟ್ಸಿಗೆ ಬೇಕಾದ ಉದ್ದ ಇದರ ಅರ್ಧಕ್ಕಿಂತ ಕಡಿಮೆ. ಅದಕ್ಕೇ ಎಷ್ಟೋ ಲ್ಯಾಪ್‌ಟಾಪ್ ಆಂಟೆನಾಗಳಲ್ಲಿ ಎರಡು ಅಳತೆಯ ಕೈಗಳಿರುತ್ತವೆ. ಹಿಂದೆ ಅಂಟಿಸಿರುವ ತೆಳು ಲೋಹದ ಹಾಳೆ ಕಸ ಅಂದುಕೊಂಡು ಕಿತ್ತರೆ ಆಂಟೆನಾದ ಇನ್ನರ್ಧವನ್ನೇ ಕಿತ್ತಂತೆ. ಹಾಳೆ ಸಮೇತ ತೆಗೆಯಿರಿ.

1880ರ ದಶಕದ ಕೊನೆಯಲ್ಲಿ ಜರ್ಮನ್ ವಿಜ್ಞಾನಿ ಹೈನ್‌ರಿಕ್ ಹರ್ಟ್ಸ್ ರೇಡಿಯೊ ಅಲೆ ಇದೆಯೆಂದು ತೋರಿಸಿದ್ದೂ ಹೀಗೇ. ಅವನ ರಿಸೀವರ್ ಬರೀ ಒಂದು ತಂತಿಯ ಬಳೆ, ಮಧ್ಯೆ ಸಣ್ಣ ಸಂದು. ಬಳೆಯ ಅಳತೆ ಅಲೆಗೆ ಹೊಂದಿದಾಗ ಆ ಸಂದಿನಲ್ಲಿ ಕಿಡಿ ಚೆನ್ನಾಗಿ ಹಾರುತ್ತಿತ್ತು. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಅಳತೆ ಅಷ್ಟೇ! ಅದಕ್ಕೂ ಮುಂಚೆ, 1836ರಲ್ಲಿ, ವಿಜ್ಞಾನಿ ಮೈಕೆಲ್ ಫ್ಯಾರಡೆ ಲೋಹದ ಹಾಳೆ ಹೊದಿಸಿದ ದೊಡ್ಡ ಪೆಟ್ಟಿಗೆಯೊಳಗೆ ತಾನೇ ಹೋಗಿ, ಹೊರಗೆ ಎಷ್ಟು ವಿದ್ಯುತ್ ತುಂಬಿದರೂ ಒಳಗೆ ಏನೂ ತಿಳಿಯುವುದಿಲ್ಲ ಎಂದು ಕಂಡುಕೊಂಡಿದ್ದ. ನಿಮ್ಮ ಡೆಸ್ಕ್‌ಟಾಪ್ ಕ್ಯಾಬಿನೆಟ್ ಕೂಡ ಲೋಹದ ಪೆಟ್ಟಿಗೆಯೇ ಅಲ್ವಾ? ಸಂದುಗಳಿಂದ ಒಂಚೂರು ಸಿಗ್ನಲ್ ಸೋರಬಹುದು, ಅಷ್ಟನ್ನೇ ನಂಬಿ ಆಂಟೆನಾ ಒಳಗಿಟ್ಟರೆ ಸುಖವಿಲ್ಲ.

ಹಾಗಾಗಿ ಆಂಟೆನಾ ಹೊರಗೆ ಬರಲಿ. ಕ್ಯಾಬಿನೆಟ್ಟಿಗೆ ಚಪ್ಪಟೆಯಾಗಿ ಅಂಟಿಸಬೇಡಿ, ಲೋಹದಲ್ಲಿ ಹುಟ್ಟುವ ಎದುರು ಕರೆಂಟು ಅಲೆಯನ್ನು ಅಳಿಸುತ್ತದೆ. ಕಾರ್ಡಿನಲ್ಲಿ ಎರಡು ಕನೆಕ್ಟರ್ ಇದ್ದರೆ ಎರಡಕ್ಕೂ ಆಂಟೆನಾ ಹಾಕಿ, ಒಂದನ್ನು ನೆಟ್ಟಗೆ, ಇನ್ನೊಂದನ್ನು ಅಡ್ಡ ಇಡಿ. ಕಾರ್ಡಿನಿಂದ ಆಂಟೆನಾಕ್ಕೆ ಹೋಗುವ ತೆಳ್ಳನೆ ಕೇಬಲ್ ಗಿಡ್ಡ ಇದ್ದಷ್ಟೂ ಒಳ್ಳೆಯದು. ಹಳೆ ನಮೂನೆಯ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನ ಕೇಬಲ್ ಹೊಸ ನಮೂನೆಯ ಎಂ.2 ಕಾರ್ಡಿಗೆ ಕೂರುವುದಿಲ್ಲ, ಎಂ.2 ಕಾರ್ಡಿನ ಕನೆಕ್ಟರ್ ಇನ್ನೂ ಚಿಕ್ಕದು. ಬಲವಂತ ಮಾಡಿ ಒತ್ತಿದರೆ ಮುರಿಯುವುದು ಕಾರ್ಡೇ.