ಹುಚ್ಚೆಳ್ಳು: ಬದುವಿನಿಂದ ಬೆಂಬಲ ಬೆಲೆಯವರೆಗೆ

ಮುಂಗಾರು ಬೆಳೆಗಳ ಬೆಂಬಲ ಬೆಲೆ ಪ್ರಕಟವಾದಾಗ ಈಚಿನ ವರ್ಷಗಳಲ್ಲಿ ಹುಚ್ಚೆಳ್ಳು ಎಂಬ ಎಣ್ಣೆಕಾಳಿನ ಹೆಸರು ತಪ್ಪದೆ ಕೇಳುತ್ತದೆ. ಕ್ವಿಂಟಲ್‌ಗೆ 4,050 ರೂಪಾಯಿ ಇದ್ದದ್ದು 2018-19ರಲ್ಲಿ ಒಮ್ಮೆಲೇ 5,877 ಆಯಿತು. 2025-26ಕ್ಕೆ 9,537. ಆ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು, ಅಂದರೆ 820 ರೂಪಾಯಿ, ಏರಿದ್ದೂ ಇದಕ್ಕೇ. ಶಿಕಾರಿಪುರ, ಸೊರಬದ ಕಡೆಯ ಹೊಲಗಳಲ್ಲಿ ಮಾತ್ರ ಆ ಹಳದಿ ಹೂವನ್ನು ಈಗ ಹುಡುಕಿಕೊಂಡು ಹೋಗಬೇಕು. 1980ರ ದಶಕದಲ್ಲಿ ದೇಶದಲ್ಲಿ ಸುಮಾರು 6 ಲಕ್ಷ ಹೆಕ್ಟೇರ್‌ನಲ್ಲಿದ್ದ ಬೆಳೆ ಈಗ ಅದರ ಕಾಲುಭಾಗ ಉಳಿದಿದ್ದರೆ ಹೆಚ್ಚು. ಬೆಲೆ ಹತ್ತಿತು, ಬೆಳೆ ಇಳಿಯಿತು.

ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ ಈ ಗಿಡದ ತವರು ಇಥಿಯೋಪಿಯಾದ ಎತ್ತರದ ಸೀಮೆ. ಅಲ್ಲಿನ ಕಾಡುಗಿಡವನ್ನು ಪಳಗಿಸಿದವರು ಅಲ್ಲಿನ ರೈತರು. ಅದು ಯಾವುದೋ ಕಾಲಕ್ಕೆ ಸಮುದ್ರ ದಾಟಿ ಬಂದು ಒಡಿಶಾದ ಕೋರಾಪುಟ್‌ನಿಂದ ನಮ್ಮ ರಾಗಿ ಹೊಲದವರೆಗೆ ನೆಲೆಯೂರಿತು.

ಇಲ್ಲಿ ಅದಕ್ಕೆಂದೇ ಹೊಲ ಬಿಟ್ಟವರು ಕಡಿಮೆ. ರಾಗಿಯ ನಡುವೆ ಅಕ್ಕಡಿ (ಮಿಶ್ರಬೆಳೆ) ಸಾಲು, ಇಲ್ಲವೇ ಹೊಲದ ಅಂಚು. ದನ ಇದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲವಾದ್ದರಿಂದ ಬೇಲಿಯ ಕೆಲಸವೂ ಆಗುತ್ತಿತ್ತು. ಗೊಬ್ಬರ ಕೇಳದು, ಔಷಧಿ ಕೇಳದು. ಕೊಯ್ಲಿಗೆ ಮಾತ್ರ ಹೊತ್ತು ನೋಡಬೇಕು: ಎಲ್ಲ ತೆನೆ ಒಟ್ಟಿಗೆ ಬಲಿಯುವುದಿಲ್ಲ, ಬಿಸಿಲೇರಿದರೆ ಕಾಳು ಉದುರುತ್ತದೆ, ಹಾಗಾಗಿ ಇಬ್ಬನಿ ಆರುವ ಮೊದಲೇ ಕೊಯ್ದು ಕಟ್ಟು ಕಟ್ಟುತ್ತಿದ್ದರು. ಸಿಕ್ಕ ನಾಲ್ಕಾರು ಸೇರು ಕಾಳಿನಲ್ಲಿ ಅರ್ಧ ಗಾಣಕ್ಕೆ, ಹಿಂಡಿ ಹಸುವಿಗೆ, ಉಳಿದದ್ದು ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಜೊತೆ ಹುರಿದು ಚಟ್ನಿಪುಡಿಗೆ. ಅಕ್ಕಿ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೊತೆ ಇನ್ನೂ ಹುಟ್ಟಿಲ್ಲ.

ಚಿತ್ರ ಬದಲಾದದ್ದು ಹೆಚ್ಚಾಗಿ ತೊಂಬತ್ತರ ದಶಕದಲ್ಲಿ. ಕೇಂದ್ರ ಸರ್ಕಾರದ ಎಣ್ಣೆಕಾಳು ಮಿಷನ್ 1986ರಲ್ಲೇ ಶುರುವಾಗಿತ್ತು. ಅದರ ಉತ್ಸಾಹದಲ್ಲಿ ಹೆಚ್ಚು ಮಿಂಚಿದ್ದು ಸೋಯಾ, ಸಾಸಿವೆ, ಸೂರ್ಯಕಾಂತಿ. 1994ರಲ್ಲಿ ಪಾಮೋಲಿನ್ (ತಾಳೆ ಎಣ್ಣೆ) ಆಮದು ಮುಕ್ತವಾಯಿತು. ಪ್ಯಾಕೆಟ್ ಎಣ್ಣೆ ಅಗ್ಗವಾದ ಮೇಲೆ ಮೂರು ಸೇರು ಕಾಳು ಹೊತ್ತು ಗಾಣ ಹುಡುಕುವವರು ಯಾರು?

ಅದಕ್ಕೂ ತುಸು ಮುಂಚೆ, 1991-92ರ ಸುಮಾರಿಗೆ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗಕ್ಕೆ ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳು ಸಾಲುಸಾಲಾಗಿ ನಾಶವಾದವು. ಜೇನು ಸಾಕುವವರ ನಷ್ಟದ ಮಾತು ಆಗ ಬೇಕಾದಷ್ಟು ಆಯಿತು, ಹುಚ್ಚೆಳ್ಳಿನದು ಯಾರ ತಲೆಗೂ ಬಂದಂತಿಲ್ಲ. ಈ ಗಿಡಕ್ಕೆ ತನ್ನದೇ ಪರಾಗ ಒಗ್ಗುವುದಿಲ್ಲ. ಇನ್ನೊಂದು ಗಿಡದ ಪರಾಗವನ್ನು ಜೇನೋ ಬೇರೆ ಹುಳುವೋ ತರಬೇಕು, ಇಲ್ಲದಿದ್ದರೆ ಹೂ ತುಂಬಿದರೂ ಕಾಳು ಜೊಳ್ಳು.

ಆಮೇಲೆ ಮುಸುಕಿನ ಜೋಳ ಬಂತು, ಅದರ ಹಿಂದೆಯೇ ಅಟ್ರಜಿನ್. ಅಗಲ ಎಲೆಯ ಕಳೆಗೆಂದು ಹೊಡೆಯುವ ಈ ಔಷಧಿಗೆ ಹುಚ್ಚೆಳ್ಳೂ ಅಗಲ ಎಲೆಯ ಗಿಡವೇ. ಅಕ್ಕಡಿ ಸಾಲು ನಿಂತದ್ದು ರೈತನ ಸೋಮಾರಿತನದಿಂದಲ್ಲ. ಹೊಸ ಪದ್ಧತಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಜೋಳದ ನಂತರ ಅಡಿಕೆ. ಅಲ್ಲಿ ಬಿಸಿಲೇ ಇಲ್ಲ.

ಹಾಗಾದರೆ 9,537 ರೂಪಾಯಿ ಏನು ಮಾಡೀತು? ಲೆಕ್ಕ ಹಾಕಿ ನೋಡಿ. ಎಕರೆಗೆ ಸರಾಸರಿ ಒಂದೂಕಾಲು ಕ್ವಿಂಟಲ್ ಹುಚ್ಚೆಳ್ಳು ಬಂದರೆ 12,000 ರೂಪಾಯಿ ಆಸುಪಾಸು. ಮುಸುಕಿನ ಜೋಳ ಎಕರೆಗೆ 12 ಕ್ವಿಂಟಲ್ ಬಂದರೂ, ಅದೇ ವರ್ಷದ 2,400ರ ಬೆಂಬಲ ಬೆಲೆಯಲ್ಲಿ 28,800. ಖರ್ಚು ಕಳೆದರೆ ಅಂತರ ಕಿರಿದಾಗುತ್ತದೆ, ಆದರೆ ಬಿತ್ತುವ ಹೊತ್ತಿಗೆ ಕಣ್ಣಿಗೆ ಕಾಣುವುದು ದೊಡ್ಡ ಅಂಕಿಯೇ. ಕ್ವಿಂಟಲ್ ಲೆಕ್ಕದ ಬೆಲೆ ಸೇರು ಲೆಕ್ಕದಲ್ಲಿ ಬೆಳೆಯುವವನನ್ನು ಮುಟ್ಟುವುದೂ ಕಷ್ಟ. (ಅಮೆರಿಕಕ್ಕೆ ಹುಚ್ಚೆಳ್ಳು ಹಕ್ಕಿಗಳ ತಿಂಡಿಯಾಗಿ ಹೋಗುತ್ತದೆ, ಕಳೆ ಬೀಜ ಸಾಯಲೆಂದು 1982ರಿಂದ ಅಲ್ಲಿ ಕಾಳನ್ನು ಬಿಸಿ ಮಾಡುವ ನಿಯಮವೂ ಇದೆ. ಆ ವ್ಯಾಪಾರದ ಬಿಸಿ ನಮ್ಮ ಬದುವಿಗೆ ತಟ್ಟಿದ್ದಿಲ್ಲ.)

ಈಗ ಮರದ ಗಾಣದ ಎಣ್ಣೆಗೆ ಮತ್ತೆ ಗಿರಾಕಿ ಬಂದಿದ್ದಾರೆ, ಬಿತ್ತುತ್ತೇವೆ ಎನ್ನುವವರೂ ಇದ್ದಾರೆ. ಬೀಜ ಎಕರೆಗೆ 2 ಕಿಲೋ ಸಾಕು, ಸಣ್ಣ ಕಾಳಾದ್ದರಿಂದ ಮರಳಲ್ಲಿ ಬೆರೆಸಿ ಬಿತ್ತಬೇಕು. ಆದರೆ ಊರಿಗೊಬ್ಬರೇ ಒಂದು ಸಾಲು ಹಾಕಿದರೆ ಹುಳು ಹಾರಿ ಬರುವಷ್ಟು ಹೂವೂ ಇರುವುದಿಲ್ಲ, ಕಾಳೂ ಕಟ್ಟುವುದಿಲ್ಲ. ಅಕ್ಕಪಕ್ಕದ ಮೂರ್ನಾಲ್ಕು ಹೊಲದವರು ಮಾತಾಡಿಕೊಂಡು ಆಗಸ್ಟ್‌ನಲ್ಲಿ ಒಟ್ಟಿಗೆ ಬಿತ್ತುವುದೇ ಸರಿ.