ಕಾಡುಪ್ರಾಣಿಯ ನೋವು ಮತ್ತು ವೈದ್ಯನ ಹೊಣೆ

ವಾಹನಕ್ಕೆ ಸಿಕ್ಕಿದ, ಉರುಳಿಗೆ ಬಿದ್ದ ಕಾಡುಪ್ರಾಣಿಗೆ ಚಿಕಿತ್ಸೆ ಕೊಡಬೇಕು, ರೋಗ ಅಥವಾ ಹಸಿವಿನಿಂದ ನರಳುವುದನ್ನು ಪ್ರಕೃತಿಗೆ ಬಿಡಬೇಕು ಎಂಬುದು ವನ್ಯಜೀವಿ ವೈದ್ಯರಲ್ಲಿ ಬಹುಮಟ್ಟಿಗೆ ಬೇರೂರಿದ ನಿಲುವು. ಈ ಗೆರೆ ನಮ್ಮ ಕೆಲಸವನ್ನು ಹಗುರಗೊಳಿಸುತ್ತದೆ ನಿಜ, ಆದರೆ ಅದು ನ್ಯಾಯವಾದದ್ದೆಂದು ನನಗೆ ಅನ್ನಿಸುವುದಿಲ್ಲ.

ಕಜ್ಜಿ ಹತ್ತಿದ ನರಿಯನ್ನೇ ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು ಚರ್ಮವನ್ನು ಕೊರೆಯುತ್ತಾ ಹೋದಂತೆ ಅದು ಕೆರೆದುಕೊಂಡು ಗಾಯ ಮಾಡಿಕೊಳ್ಳುತ್ತದೆ; ಕೂದಲುದುರಿ, ಹಕ್ಕಳೆಗಟ್ಟಿದ ಚರ್ಮ ಬಿರಿದು, ಕೊನೆಗೆ ಕಣ್ಣುಗಳೂ ಮುಚ್ಚಿಕೊಂಡು, ಬೇಟೆಯಾಡಲಾಗದೆ ಹಸಿವು ಚಳಿಗಳಲ್ಲಿ ದಿನೇ ದಿನೇ ಸವೆಯುತ್ತದೆ. ಇದೇ ಸ್ಥಿತಿಯಲ್ಲಿ ಸಾಕುನಾಯಿಯೊಂದು ಬಂದರೆ ನಾವು ಕ್ಷಣವೂ ಯೋಚಿಸುವುದಿಲ್ಲ. ನೋವಿನ ಮೂಲ ಮನುಷ್ಯನೋ ಹುಳುವೋ ಎಂಬುದು ನರಳುವ ಜೀವಕ್ಕೆ ಸಂಬಂಧಿಸಿದ್ದಲ್ಲ.

ಹಾಗೆಂದು ಕಂಡದ್ದನ್ನೆಲ್ಲ ಹಿಡಿದು ತರುವುದೂ ದಯೆಯಲ್ಲ. ಬಲೆಯಲ್ಲಿ ಭಯದಿಂದ ಒದ್ದಾಡಿದ ಜಿಂಕೆಯ ಸ್ನಾಯುಗಳು ಒಳಗೊಳಗೇ ನಾಶವಾಗಿ, ಅವುಗಳಿಂದ ರಕ್ತಕ್ಕೆ ಸೇರುವ ವಸ್ತುಗಳು ಮೂತ್ರಪಿಂಡಗಳಿಗೆ ಹಾನಿ ಮಾಡುತ್ತವೆ. ಬಿಟ್ಟೊಡನೆ ಓಡಿಹೋದ ಪ್ರಾಣಿ ಕೆಲವು ದಿನಗಳ ನಂತರ ಸಾಯಬಹುದು. ಆ ಸಾವು ನಮ್ಮ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಲೆಕ್ಕಕ್ಕೂ ಬರುವುದಿಲ್ಲ.

ಮುಟ್ಟದೆಯೇ ನೆರವಾಗುವ ದಾರಿಗಳಿರುವುದರಿಂದ ನಾನು ನಿರಾಶನಾಗಿಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ 1978ರಲ್ಲಿ ಕೋಳಿತಲೆಗಳೊಳಗೆ ರೇಬಿಸ್ ಲಸಿಕೆಯನ್ನಿಟ್ಟು ನರಿಗಳು ತಿನ್ನುವಂತೆ ಹರಡಲಾಯಿತು. ಈ ಕ್ರಮ ಮುಂದೆ ವ್ಯಾಪಕವಾಗಿ, ಪಶ್ಚಿಮ ಯುರೋಪಿನ ಬಹುಭಾಗದ ನರಿಗಳು ಆ ಘೋರ ಮರಣದಿಂದ ಪಾರಾದವು. ಅದರ ಉದ್ದೇಶ ಮುಖ್ಯವಾಗಿ ಮನುಷ್ಯರ ರಕ್ಷಣೆಯಾಗಿತ್ತು ಎಂಬುದನ್ನು ಮರೆಯಬಾರದು. ರೋಗ ತಗ್ಗಿದ ಮೇಲೆ ನರಿಗಳ ಸಂಖ್ಯೆ ಏರಿತು, ಪ್ರಾಣಿಗಳು ದಟ್ಟವಾದಷ್ಟೂ ಕಜ್ಜಿಯಂಥ ರೋಗಗಳು ಒಂದರಿಂದೊಂದಕ್ಕೆ ಹಬ್ಬುವುದು ಸುಲಭವಾಗುತ್ತದೆ. ಸಾವನ್ನು ತಡೆದವರು ಹುಟ್ಟಿನ ಬಗೆಗೂ ಯೋಚಿಸಲೇಬೇಕಾಗುತ್ತದೆ.

ಅಮೆರಿಕದ ಅಸಟೀಗ್ ದ್ವೀಪದ ಕಾಡುಕುದುರೆಗಳ ನಿರ್ವಹಣೆಯಲ್ಲಿ 1994ರಿಂದ ಹಲವು ವರ್ಷ ಗರ್ಭನಿರೋಧಕ ಲಸಿಕೆಯನ್ನು ಬಳಸಲಾಯಿತು. ದೂರದಿಂದ ಹಾರಿಸುವ ಸೂಜಿಬಾಣದ ಮೂಲಕ ಅದನ್ನು ಕೊಡುವುದರಿಂದ ಕುದುರೆಗಳನ್ನು ಹಿಡಿಯಬೇಕಿಲ್ಲ. ಪದೇ ಪದೇ ಗರ್ಭ ಧರಿಸಿ ಹಾಲೂಡಿಸುವ ಶ್ರಮ ತಪ್ಪಿದ ಹೆಣ್ಣುಕುದುರೆಗಳು ಮೈತುಂಬಿಕೊಂಡವು, ಹೆಚ್ಚು ವರ್ಷ ಬದುಕಿದವು. ಬೇಟೆಯಾಡುವ ಪ್ರಾಣಿಯಿಂದ ಅದರ ಆಹಾರವನ್ನು ಕಸಿಯುವ ಯೋಜನೆಗಳಿಗೆ ನಾನು ಒಪ್ಪಲಾರೆ, ಏಕೆಂದರೆ ಅವುಗಳ ಪರಿಣಾಮ ಎಲ್ಲಿಗೆ ಮುಟ್ಟುವುದೆಂದು ಅಳೆಯುವ ಶಕ್ತಿ ನಮಗಿನ್ನೂ ಬಂದಿಲ್ಲ. ಆದರೆ ಹೀಗೆ ಅಳೆದು, ಹಲವು ವರ್ಷ ಹಿಂಬಾಲಿಸಿ ನೋಡಬಹುದಾದ ನೆರವನ್ನು ‘ಕಾಡಿನ ವಿಷಯ’ ಎಂದು ತಳ್ಳಿಹಾಕುವ ಹಕ್ಕು ವೈದ್ಯನಿಗಿಲ್ಲ.