ಹಿಂದಿನ ಸೀಟಿನ ಬಕಲ್ ಎಲ್ಲಿ ಹೋಯಿತು?

ತುಮಕೂರಿನಿಂದ ಬೆಂಗಳೂರಿಗೆ ಹೊರಟ ಕಾರು ಕ್ಯಾತ್ಸಂದ್ರ ಟೋಲ್ ಹತ್ತಿರ ಬಂದಾಗ ಮುಂದೆ ಕೂತವರು ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಾರೆ. ಹಿಂದಿನವರು ಹಾಗೇ ಇರುತ್ತಾರೆ. ದಂಡ 1,000 ರೂಪಾಯಿ ಅಂತ ಗೊತ್ತಿದ್ದೂ ಯಾಕೆ ಹಾಕುವುದಿಲ್ಲ? ಜನರಿಗೆ ಭಯವಿಲ್ಲ ಅಂದುಬಿಡುವುದು ಸುಲಭ. ಹಾಕಲು ಎಷ್ಟು ಒದ್ದಾಡಬೇಕು ಅನ್ನುವುದನ್ನೂ ನೋಡಬೇಕಲ್ವಾ?

ಈಗಿನ ಬೆಲ್ಟ್ 1959ರದ್ದು. ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಪಟ್ಟಿ ಮಾಡಿದರು. ಒಂದೇ ಕೈಯಲ್ಲಿ ಹಾಕಲು ಬರುವಂತೆ ಬಕಲನ್ನು, ಅಂದರೆ ಪಟ್ಟಿಯ ನಾಲಿಗೆ ಸಿಕ್ಕಿಸುವ ಗೂಡನ್ನು, ಸೊಂಟದ ಪಕ್ಕಕ್ಕೆ ತಂದರು. ನಮ್ಮಲ್ಲಿ ಹೊಸ ಕಾರುಗಳ ಮುಂದಿನ ಸೀಟಿಗೆ 1994ರಲ್ಲಿ, ಹಿಂದಿನದಕ್ಕೆ 2002ರಲ್ಲಿ ಬೆಲ್ಟ್ ಕಡ್ಡಾಯವಾಯಿತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಬೆಲ್ಟ್ ಹಾಕದವರ ದಂಡ ಏರಿಸಿತು.

ಆದರೆ ಆ ಒಂದು ಕೈಯ ಲೆಕ್ಕ ಹಿಂದಿನ ಸೀಟಿಗೆ ಬರಲೇ ಇಲ್ಲ. ಮುಂದೆ ಬಕಲ್ ಗಟ್ಟಿ ಕಡ್ಡಿಯ ಮೇಲೆ ನೆಟ್ಟಗೆ ನಿಂತಿರುತ್ತದೆ. ಹಿಂದೆ ಎಷ್ಟೋ ಕಾರುಗಳಲ್ಲಿ ಅದು ಮೆತ್ತನೆ ಪಟ್ಟಿಯ ತುದಿಯಲ್ಲಿ ಬಿದ್ದಿರುತ್ತದೆ. ಮೂವರು ಕೂತರೆ ಮುಗೀತು, ಅದು ತೊಡೆಯಡಿ ಸೇರಿಕೊಳ್ಳುತ್ತದೆ. ಸೀರೆ ಉಟ್ಟವರು ಸೆರಗು ಸರಿಸಿಕೊಂಡು, ಪಕ್ಕದವರನ್ನು ಏಳಿಸಿ, ಕೈ ತೂರಿಸಿ ಹುಡುಕಬೇಕು. ಇದರ ಮೇಲೆ ಸೀಟ್ ಕವರ್! ಹೊಸ ಕಾರು ಬಂದ ವಾರದೊಳಗೆ ಕವರ್ ಹಾಕಿಸುವುದು ನಮ್ಮೂರಿನ ಪದ್ಧತಿ. ಎಷ್ಟೋ ಸಲ ಬಕಲ್‌ಗಳೂ ಅದರಡಿಯೇ ಹೋಗುತ್ತವೆ. ಯಾರೂ ಬೇಕಂತ ಮಾಡಿದ್ದಲ್ಲ.

ಸಿಕ್ಕರೂ ಇನ್ನೊಂದು ತೊಂದರೆ. ಅವಸರದಲ್ಲಿ ಜೋರಾಗಿ ಎಳೆದರೆ ಬೆಲ್ಟ್ ಗಕ್ಕನೆ ನಿಲ್ಲುತ್ತದೆ. ರಸ್ತೆ ಬದಿಯ ಇಳಿಜಾರಿನಲ್ಲಿ ಕಾರು ವಾಲಿ ನಿಂತಿದ್ದರೂ ಹಾಗೇ ಆಗಬಹುದು. ಅದು ಕೆಟ್ಟಿಲ್ಲ. ಅಪಘಾತದ ಎಳೆತ ಹಿಡಿಯಲೆಂದೇ ಬೆಲ್ಟ್ ಸುತ್ತಿಕೊಳ್ಳುವ ಸುರುಳಿಯೊಳಗೆ ಬೀಗ ಇದೆ. ಒಮ್ಮೆ ಸಡಿಲ ಬಿಟ್ಟು ನಿಧಾನಕ್ಕೆ ಎಳೆದರೆ ಬರುತ್ತದೆ. ಇದನ್ನು ಹೇಳಿಕೊಟ್ಟವರು ಕಡಿಮೆ. ಇನ್ನು ಕುಳ್ಳಗಿನವರಿಗೆ ಪಟ್ಟಿ ಕುತ್ತಿಗೆಗೆ ಉಜ್ಜುತ್ತದೆ. ಮುಂದೆ ಎಷ್ಟೋ ಕಾರುಗಳಲ್ಲಿ ಅದನ್ನು ಇಳಿಸಬಹುದು, ಹಿಂದೆ ಆ ಸೌಕರ್ಯ ಅಪರೂಪ.

2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡರು. ಹಿಂದೆ ಕೂತಿದ್ದರು, ಬೆಲ್ಟ್ ಹಾಕಿರಲಿಲ್ಲ. ಆಮೇಲೆ ಮಾತು, ಬೆಲ್ಟ್ ಹಾಕದಿದ್ದರೆ ಕಾರು ಎಚ್ಚರಿಸುವ ಬೀಪ್ ಸದ್ದಿನ ಕಡೆಗೆ ತಿರುಗಿತು. ಬೆಲ್ಟ್ ಬದಲು ಬಕಲಿಗೆ ಸಿಕ್ಕಿಸಿ ಬೀಪ್ ನಿಲ್ಲಿಸುವ ಕ್ಲಿಪ್‌ಗಳನ್ನು ಮಾರಾಟದಿಂದ ತೆಗೆಯುವಂತೆ 2023ರಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶವಾಯಿತು. 2025ರ ಏಪ್ರಿಲ್‌ನಿಂದ ಹೊಸ ಕಾರುಗಳ ಹಿಂದಿನ ಸೀಟಿಗೂ ಬೀಪ್ ಬಂದಿದೆ. ಬೀಪ್ ಹೊಡೆದಾಗ ಬಕಲ್ ಕೈಗೆ ಸಿಗಬೇಕಲ್ಲ? ಕವರ್ ಹಾಕಿಸಿದ ದಿನ ಅಂಗಡಿ ಮುಂದೆಯೇ ಮೂವರು ಹಿಂದೆ ಕೂತು, ಮೂರೂ ಬೆಲ್ಟ್ ಹಾಕಿ ನೋಡಿ. ಸಿಗದಿದ್ದರೆ ಅಲ್ಲೇ ಹೊಲಿಗೆ ಬಿಚ್ಚಿಸಿ.